ಕಡ್ಡಿ ಲೆಕ್ಕ

ಬಿಲ್ಬಾವೊದಿಂದ ಸಾನ್ ಸೆಬಾಸ್ಟಿಯನ್‌ಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ. ಬೆಟ್ಟ ಸುತ್ತುವ ಪುಟ್ಟ ರೈಲಿಗೆ ಎರಡೂವರೆ ಗಂಟೆಯೂ ಸಾಲದು, ಆದರೆ ಟಿಕೆಟ್ ಅಗ್ಗ. ಕಮ್ಮಿ ದುಡ್ಡಿಗೆ ಹೆಚ್ಚು ಹೊತ್ತು ಕೂರಿಸುತ್ತಾರೆಂದರೆ ಅದಕ್ಕಿಂತ ಲಾಭದ ವ್ಯಾಪಾರ ಯಾವುದಿದೆ? "ಅಪ್ಪಾ, ಅಲ್ಲಿಗೆ ಹೋಗಿಯೂ ಕಾಸು ಎಣಿಸ್ತಾ ಕೂರ್ತೀಯಾ?" ಎಂದಳು ಮ್ಯೂನಿಕ್‌ನಲ್ಲಿರುವ ಮಗಳು. ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಜನ್ಮವೆಲ್ಲ ಊರವರ ಕಾಸು ಎಣಿಸಿದವನಿಗೆ ಸ್ವಂತ ಕಾಸು ಎಣಿಸುವ ಸುಖ ಅವಳಿಗೇನು ಗೊತ್ತು!

ಬಾಸ್ಕ್ ಕರಾವಳಿಯಲ್ಲಿ ಪುಕ್ಕಟೆ ಸಿಗುವುದನ್ನೆಲ್ಲ ನೋಡಿದೆವು. ಸಮುದ್ರದೊಳಕ್ಕೆ ಚಾಚಿದ ಗಾಸ್ತೆಲುಗಾಚೆಯ ಬಂಡೆ ಏರಲು 241 ಮೆಟ್ಟಿಲು. ಮೇಲಿನ ಗುಡಿಯ ಗಂಟೆಯನ್ನು ಮೂರು ಸಲ ಬಾರಿಸಿ ಹರಕೆ ಹೊರುವುದು ಅಲ್ಲಿಯ ವಾಡಿಕೆ. 'ಗೇಮ್ ಆಫ್ ಥ್ರೋನ್ಸ್' ಅಲ್ಲಿ ಚಿತ್ರೀಕರಣವಾದ ಮೇಲೆ ಮೆಟ್ಟಿಲಿಗೊಬ್ಬ ಮಹಾರಾಣಿ ನಿಂತಿರುತ್ತಾಳೆ, ಎದುರಿಗೆ ಫೋನು ಹಿಡಿದ ಒಬ್ಬ ಬಡಪಾಯಿ ಗಂಡ. ಮಂಡಿನೋವಿನವರಿಗೆ ದಾರಿ ಬಿಡಬೇಕೆನ್ನುವ ಪರಿವೆ ಇಬ್ಬರಿಗೂ ಇಲ್ಲ. ಸುಮಾಯದ ಕಡಲ ಬಂಡೆಗಳಲ್ಲಿ ಸುಮಾರು 6 ಕೋಟಿ ವರ್ಷಗಳ ಭೂಮಿಯ ಚರಿತ್ರೆ ಪದರ ಪದರವಾಗಿ ಕೂತಿದೆ. ಮಳೆ ಹನಿಯುತ್ತಿದ್ದುದರಿಂದ ನಾವು ಅದಕ್ಕೆ ಹತ್ತು ನಿಮಿಷ ಕೊಟ್ಟೆವು.

ಸಾನ್ ಸೆಬಾಸ್ಟಿಯನ್ನಿನ ಹಳೇ ಪೇಟೆಯ ಗಲ್ಲಿಗಳಲ್ಲಿ ಪಿಂಚೊ ಅಂಗಡಿಗಳು. ಕೌಂಟರಿನ ಉದ್ದಕ್ಕೂ ತಟ್ಟೆಗಳು, ತಟ್ಟೆ ತುಂಬ ಕಡ್ಡಿ ಚುಚ್ಚಿದ ತಿನಿಸುಗಳು. ನಾವು ಹೊಕ್ಕ ಅಂಗಡಿಯಲ್ಲಿ ಬೇಕಾದ್ದನ್ನು ಎತ್ತಿಕೊಂಡು ತಿನ್ನುವುದು, ಕೊನೆಗೆ ಇಷ್ಟು ತಿಂದೆವೆಂದು ನಾವೇ ಹೇಳುವುದು. ಯಾರೂ ಬರೆದುಕೊಳ್ಳುವುದಿಲ್ಲ. ಯಾರೂ ಕಣ್ಣಿಟ್ಟೂ ಇರುವುದಿಲ್ಲ. ಗಿರಾಕಿ ಎಣಿಸಿ ತಂದ ಕಂತೆಯನ್ನು ಅವನೆದುರೇ ಎರಡು ಸಲ ಎಣಿಸಿ ಬದುಕಿದವನು ನಾನು. ನನ್ನ ಬಾಯಿಮಾತನ್ನು ಹೀಗೆ ಯಾರಾದರೂ ನಂಬಿಬಿಟ್ಟರೆ ಮೈಯೆಲ್ಲ ಮುಜುಗರ.

ಮುಜುಗರಕ್ಕೆ ಇನ್ನೊಂದು ಕಾರಣ ಗಿಲ್ಡಾ. ಆಲಿವ್ ಕಾಯಿ, ಹುಳಿಯಲ್ಲಿ ನೆನೆದ ಹಸಿಮೆಣಸಿನಕಾಯಿ, ನಡುವೆ ಮಡಿಸಿ ಚುಚ್ಚಿದ ಆಂಚೊವಿ ಮೀನು. 1946ರ ಸಿನಿಮಾದಲ್ಲಿ ರೀಟಾ ಹೇವರ್ತ್ ಮಾಡಿದ ಪಾತ್ರದ ಹೆಸರು ಇದಕ್ಕೆ. ನಮ್ಮ ಮನೆಗೆ ಮೀನು ಅಕ್ವೇರಿಯಮ್ಮಿನ ರೂಪದಲ್ಲೂ ಕಾಲಿಟ್ಟಿಲ್ಲ. ಮೊದಲನೆಯದನ್ನು ಹೆಂಡತಿ ಕನ್ನಡಕ ಒರೆಸುತ್ತಿದ್ದಾಗ ನುಂಗಿದೆ, ಎರಡನೆಯದನ್ನು ಅವಳು ಛತ್ರಿ ಹುಡುಕುತ್ತಿದ್ದಾಗ. ಮೂರನೆಯದಕ್ಕೆ ನೆಪ ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಕಡ್ಡಿಗಳು ಕೋಟಿನ ಜೇಬು ಸೇರಿದವು.

ಅವಳಿಗಾಗಿ ಒಂದು ತಟ್ಟೆ ಮೆಣಸಿನಕಾಯಿ ಬಂತು. ಹಿಟ್ಟು ಕಾಣದ ಬಜ್ಜಿಯಂತೆ ಎಣ್ಣೆಯಲ್ಲಿ ಹುರಿದು, ಮೇಲೆ ಹರಳುಪ್ಪು ಉದುರಿಸಿದ್ದರು. "ಗೆರ್ನಿಕಾ," ಎಂದ ಅಂಗಡಿಯವ. ಅವಳ ಕೈ ಅಲ್ಲೇ ನಿಂತಿತು. ಬೆರ್ಮಿಯೊಗೆ ಹೋಗುವಾಗ ಆ ಊರಿನಲ್ಲಿ ಇಳಿದಿದ್ದೆವು. 1937ರ ಏಪ್ರಿಲ್ 26, ಸೋಮವಾರ, ಸಂತೆಯ ದಿನ. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ಪರವಾಗಿ ಬಂದ ಜರ್ಮನ್, ಇಟಾಲಿಯನ್ ವಿಮಾನಗಳು ಊರನ್ನೇ ಸುಟ್ಟುಹಾಕಿದವು. ಅದರ ಮೇಲೆ ಪಿಕಾಸೊ ಬರೆದ ಚಿತ್ರ ಮ್ಯಾಡ್ರಿಡ್‌ನಲ್ಲಿದೆ. ಊರಿನ ಗೋಡೆಯ ಮೇಲಿರುವುದು ಟೈಲ್ಸಿನ ಪ್ರತಿ. ಅದರೆದುರು ಇವಳು ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದಳು.

"ಏಪ್ರಿಲ್ಲಿಗೆಲ್ಲ ಮೆಣಸಿನಕಾಯಿ ಬಿಟ್ಟಿರುತ್ತಾ ರೀ ಇಲ್ಲಿ? ಸಂತೆಗೆ ಏನು ತಂದಿದ್ರೋ ಪಾಪ," ಎಂದಳು ಈಗ.

ನನ್ನ ಜೇಬಿನಲ್ಲಿದ್ದ ಕಡ್ಡಿ ಚುಚ್ಚಿತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ತಿಂದೆವು.

ಲೆಕ್ಕದ ಹೊತ್ತು ಬಂತು. ತಟ್ಟೆಯಲ್ಲಿದ್ದ ಅಣಬೆ, ಚೀಸುಗಳ ಕಡ್ಡಿ ಎಣಿಸಿ ಅವಳು ನಾಲ್ಕು ಬೆರಳು ತೋರಿಸಿದಳು, ಮೆಣಸಿನಕಾಯಿಯ ಕಡೆ ಕೈ ಮಾಡಿದಳು. ಸುಮ್ಮನಿದ್ದರೆ ಮೂರು ಗಿಲ್ಡಾ ಕದ್ದಂತೆ. ಬಾಯಿ ಬಿಟ್ಟರೆ ಸಂಸಾರ. ಕ್ಯಾಷಿಯರ್ ಒಂದು ಕಡೆ ಜಗ್ಗಿದ, ಗಂಡ ಇನ್ನೊಂದು ಕಡೆ. ಕೊನೆಗೆ ಅವಳ ಬೆನ್ನ ಹಿಂದೆ ನಿಂತು ಮೂರು ಬೆರಳು ಎತ್ತಿ, ಗಿಲ್ಡಾ ತಟ್ಟೆಯತ್ತ ಹುಬ್ಬು ಹಾರಿಸಿದೆ. ಅವನ ಮುಖ ಅರಳಿತು. ಮೂರು ಹೊಸ ಗಿಲ್ಡಾ ತಂದು ನಮ್ಮ ಮುಂದಿಟ್ಟ.

"ಇದ್ಯಾರಿಗೆ?" ಎಂದಳು.

"ಇಲ್ಲಿಯ ಪದ್ಧತಿ ಇರಬೇಕು," ಎಂದೆ.

ಕೈಯಾಡಿಸಿ ಬೇಡವೆಂದೆ. ಸಾಲದೆಂದುಕೊಂಡು ಅವನು ನಾಲ್ಕನೆಯದಕ್ಕೆ ಕೈ ಹಾಕಿದ. ಬೇರೆ ದಾರಿ ಕಾಣದೆ ಜೇಬಿನ ಮೂರು ಕಡ್ಡಿ ತೆಗೆದು, ಹೊಟ್ಟೆ ಮುಟ್ಟಿ ತೋರಿಸಿ, ಇವು ಆಗಲೇ ಒಳಗೆ ಹೋದವು ಎಂದು ಮೂಕಾಭಿನಯ ಮಾಡಿದೆ. ಪಕ್ಕದಲ್ಲಿ ಕುಡಿಯುತ್ತಿದ್ದ ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಹೆಂಡತಿ ತಟ್ಟಲಿಲ್ಲ. ಮುಂದಿದ್ದ ಗಿಲ್ಡಾ ಒಂದನ್ನು ಎತ್ತಿ, ದೀಪಕ್ಕೆ ಹಿಡಿದು, ಮೂಸಿ ಕೆಳಗಿಟ್ಟಳು.

"ಟೊಮೆಟೊ ಒಣಗಿಸಿರ್ತಾರಂತೆ," ಎಂದೆ.

ಅವಳು ಉತ್ತರಿಸಲಿಲ್ಲ. ತಟ್ಟೆಯ ನಾಲ್ಕು ಕಡ್ಡಿ, ಜೇಬಿನ ಮೂರು, ಹೊಸವು ಮೂರು, ಎಲ್ಲವನ್ನೂ ಕೌಂಟರಿನ ಮೇಲೆ ಸಾಲಾಗಿ ಜೋಡಿಸಿ, ಅವನಿಗೆ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದಳು. ತನ್ನ ಪರ್ಸಿನಿಂದಲೇ ದುಡ್ಡು ಕೊಟ್ಟು, ಚಿಲ್ಲರೆ ಎರಡು ಸಲ ಎಣಿಸಿ ಒಳಗಿಟ್ಟಳು. ಆಮೇಲೆ ಮೂರು ಗಿಲ್ಡಾಗಳನ್ನೂ ನನ್ನ ಕಡೆ ಸರಿಸಿದಳು.

"ತಿನ್ನಿ. ದುಡ್ಡು ಕೊಟ್ಟಾಗಿದೆ."