ರಸ್ತೆ ಬಿಟ್ಟು ಬಂದ ಡಾಂಬರಿನ ಜೊತೆ

ಹೈದರಾಬಾದಿನಲ್ಲಿ ಬಿಳಿ ಕಾರು ಇಟ್ಟುಕೊಂಡವರಿಗೆಲ್ಲ ಇವರ ಪರಿಚಯ ಇದ್ದೇ ಇರುತ್ತದೆ. ಹಿಂದಿನ ಚಕ್ರದ ಬಳಿ, ಬಾಗಿಲ ಕೆಳಗಂಚಿನಲ್ಲಿ ಕಪ್ಪಗೆ ಕೂತಿರುತ್ತಾರೆ. ಶಾಂಪೂಗೆ ಜಗ್ಗುವುದಿಲ್ಲ, ವಾಟರ್ ಸರ್ವೀಸಿನ ಪೈಪಿಗೆ ಬಗ್ಗುವುದಿಲ್ಲ. ರಸ್ತೆಯ ಮೇಲೆ ಒಂದು ಮಳೆಗಾಲ ನಿಲ್ಲಲಾರದವರು ಕಾರಿನ ಮೇಲೆ ವರ್ಷಗಟ್ಟಲೆ ಹೇಗೆ ನಿಲ್ಲುತ್ತಾರೆ? ಕೇಳಿಯೇ ಬಿಡೋಣವೆಂದು ಕಾಚಿಗುಡದ ಓಣಿಯೊಂದರಲ್ಲಿ ಬೇವಿನ ನೆರಳಿಗೆ ಕಾರು ನಿಲ್ಲಿಸಿ, ಒಂದು ಬಟ್ಟಲು ಕೊಬ್ಬರಿ ಎಣ್ಣೆ, ಒಂದು ಹಳೆಯ ಬನಿಯನ್ ಪಕ್ಕದಲ್ಲಿಟ್ಟುಕೊಂಡು ಮಾತಿಗೆ ಕೂತೆ. ಎಣ್ಣೆ ಯಾತಕ್ಕೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಾನು: ನಮಸ್ಕಾರ. ತಮ್ಮ ಹಿನ್ನೆಲೆ ಸ್ವಲ್ಪ ಹೇಳಬಹುದೇ?

ಡಾಂಬರು: ಕುಂದರ್ರಿ ಸಾಹೇಬ್ರ. ರಿಫೈನರಿಯೊಳಗ ಪೆಟ್ರೋಲು, ಡೀಸೆಲ್ಲು, ಸೀಮೆಎಣ್ಣಿ ಎಲ್ಲಾರೂ ಆವಿಯಾಗಿ ಮ್ಯಾಲ ಹೋದ್ರು. ತಳದಾಗ ಉಳಿದಾಂವ ನಾನು. ಅವರೆಲ್ಲ ನಿಮ್ಮ ಟ್ಯಾಂಕಿನ್ಯಾಗ, ನಾನು ಟೈರಿನ ಬುಡಕ. ಆದ್ರ ಮನೆತನ ಹಳೇದು ನೋಡ್ರಿ. ಮೊಹೆಂಜೊದಾರೋದ ದೊಡ್ಡ ಸ್ನಾನದ ಕೊಳದಾಗ ನೀರು ಸೋರಬಾರದಂತ ಬಳದಿದ್ದು ನಮ್ಮ ಹಿರ್ಯಾರನ್ನ. ನಾಕು ಸಾವಿರ ವರ್ಷದ ಮ್ಯಾಲಾತು. ಆ ಮನೆತನದಾಂವ ಇಲ್ಲಿ ಅರ್ಧ ತಾಸು ಮಳಿ ಬಂದ್ರ ಎದ್ದು ಹೋಗ್ತೀನಂದ್ರ ನನಗೂ ನಾಚಿಕಿ ಬರ್ತದ.

ನಾನು: ಕನ್ನಡ ಎಲ್ಲಿ ಕಲಿತಿರಿ? ಯಾದಗಿರಿ ಕಡೆಯ ಮಾತಿನ ಹಾಗಿದೆ.

ಡಾಂಬರು: ನನ್ನ ಡ್ರಮ್ಮಿನ ಬುಡಕ ಬೆಂಕಿ ಹಾಕಿದವರು ಆ ಕಡಿಯವರು. ಕಾಲಿಗೆ ಗೋಣಿ ಸುತಗೊಂಡು, ಹೊಗಿಯೊಳಗ ನಿಂತು ಕಾಯ್ಸಿದ್ರು. ಇಂಜಿನಿಯರ್ ಸಾಹೇಬ್ರು ತೆಲುಗಿನ್ಯಾಗ ಬೈತಿದ್ರು, ರೋಲರಿನಾಂವ ಉರ್ದುದಾಗ ಬೈತಿದ್ದ. ಕೆಲಸ ಮಾಡಿದವರ ಭಾಷಾನೇ ನನ್ನ ಬಾಯಿಗೆ ಹತ್ತಿತು. 1956ರ ನವೆಂಬರ್ 1ಕ್ಕ ಗುಲ್ಬರ್ಗಾ, ಬೀದರ, ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಹೋದವು ಅಂತಾರ. ಊರು ಹೋದವು, ಖರೆ. ಹೊಟ್ಟಿ ಇನ್ನೂ ಬಸ್ ಹತ್ತಿ ಇಲ್ಲಿಗೇ ಬರ್ತದ.

ನಾನು: ರಸ್ತೆಯ ಮೇಲಿರಬೇಕಾದವರು ನನ್ನ ಬಾಗಿಲಿಗೆ ಹೇಗೆ ಬಂದಿರಿ?

ಡಾಂಬರು: ಹೊಸಾ ಪದರ ಹಾಕೂಕಿಂತ ಮೊದಲ ಹಳೇ ರಸ್ತಿ ಮ್ಯಾಲ ಟ್ಯಾಕ್ ಕೋಟ್ ಹೊಡೀತಾರ, ಚದರ ಮೀಟರಿಗೆ ಕಾಲು ಕಿಲೋದ ಹತ್ತರ. ನನ್ನ ನೀರಿನ್ಯಾಗ ಕಲಸಿದ ಎಮಲ್ಷನ್ನು ಅದು. ಹೊಡದಾಗ ಕಂದು ಬಣ್ಣ ಇರ್ತದ. ನೀರು ಬಿಟ್ಟು ಕಪ್ಪಾಗೋ ತನಕ ಮ್ಯಾಲ ಗಾಡಿ ಬಿಡಬಾರದು ಅಂತ ನಿಯಮ. ಅವತ್ತು ಬ್ಯಾರಿಕೇಡ್ ಇತ್ತು, ಅದರ ಬಾಜೂಕ ಬೈಕು ತೂರುವಷ್ಟು ಸಂದೂ ಇತ್ತು. ಒಂದು ಬೈಕು ತೂರಿತು. ಅದನ್ನ ನೋಡಿ ಒಂದು ಆಟೋ ಬ್ಯಾರಿಕೇಡ್ ಸರಸ್ತು. ಆಮ್ಯಾಲ ನೀರಿನ ಟ್ಯಾಂಕರು ಬಂತು. ಅದರ ಚಕ್ರ ನನ್ನ ಎತ್ತಿ ಒಗದಿದ್ದು ಬದಿಗೆ ನಿಂತ ನಿಮ್ಮ ಬಿಳೇ ಬಾಗಿಲಿಗೆ.

ನಾನು: ಟ್ಯಾಕ್ ಕೋಟ್ ಸಮಯ ಬಿಟ್ಟರೆ ನಾವು ಕ್ಷೇಮ ಅನ್ನಿ.

ಡಾಂಬರು: ಎಲ್ಲಿ ಕ್ಷೇಮ? ಇಲ್ಲಿ ಹಾಕೋದು ಹೆಚ್ಚಾಗಿ ವಿಜಿ-30 ಅನ್ನೋ ದರ್ಜೆ. 47 ಡಿಗ್ರಿಗೆ ಮೆತ್ತಗಾಗಬಾರದು ಅಂತ ಪರೀಕ್ಷಾ ಮಾಡಿ ಕಳಸ್ತಾರ. ಮೇ ತಿಂಗಳಾಗ ಹೈದರಾಬಾದಿನ ಗಾಳಿ 40 ದಾಟಿದಾಗ ರಸ್ತಿ ಮೈ 60ರ ಆಸುಪಾಸು ಇರ್ತದ. ನನ್ನ ಪರೀಕ್ಷಾ ಲ್ಯಾಬಿನ್ಯಾಗ ಆಗಿರ್ತದ್ರಿ, ಮೆಹದಿಪಟ್ನಂ ಸಿಗ್ನಲಿನ್ಯಾಗ ಅಲ್ಲ.

ನಾನು: ಈಗ ಮುಖ್ಯ ಪ್ರಶ್ನೆ. ರಸ್ತೆಗೆ ಅಂಟದ ನೀವು ನನ್ನ ಕಾರಿಗೆ ಮಾತ್ರ ಇಷ್ಟು ನಿಷ್ಠೆಯಿಂದ ಅಂಟಿದ್ದೇಕೆ?

ಡಾಂಬರು: ಇದನ್ನ ಯಾರೂ ನನ್ನ ಕೇಳಿರಲಿಲ್ಲ. ಕೇಳ್ರಿ. ಈ ಊರಿನ ಕಲ್ಲು ಗ್ರಾನೈಟು. ಗೋಲ್ಕೊಂಡದ ಗುಡ್ಡದಾಗ, ಬಂಜಾರಾ ಹಿಲ್ಸಿನ ಮನಿಗಳ ನಡುವ ನಿಂತದಲ್ಲ, ಅದೇ ಬಂಡಿ. ಸುಮಾರು 250 ಕೋಟಿ ವರ್ಷದ್ದು. ಸಿಲಿಕಾ ಹೆಚ್ಚಿರೋ ಈ ಕಲ್ಲಿಗೆ ನನ್ನಕಿಂತ ನೀರಿನ ಮ್ಯಾಲ ಒಲವು ಜಾಸ್ತಿ. ಜಲ್ಲಿಗೂ ನನಗೂ ಲಗ್ನ ಮಾಡ್ತಾರ, ಮಳಿ ನೀರು ನಡುವ ನುಗ್ಗಿತಂದ್ರ ಜಲ್ಲಿ ನನ್ನ ಕೈ ಬಿಟ್ಟು ಅದರ ಕೈ ಹಿಡೀತದ. ಸುಣ್ಣದ ಕಲ್ಲು ಹಂಗಲ್ಲ. ನಿಮ್ಮ ಶಹಾಬಾದಿ ಕಲ್ಲಿನ ಜಾತಿಯವರು ನನ್ನ ಗಟ್ಟಿ ಹಿಡೀತಾರ. ಅದಕ್ಕ ಗ್ರಾನೈಟ್ ಜಲ್ಲಿಗೆ ಒಂಚೂರು ಸುಣ್ಣದ ಪುಡಿಯಾದ್ರೂ, ಬ್ಯಾರೆ ಔಷಧಾನಾದ್ರೂ ಬೆರಸ್ರಿ ಅಂತ ಪುಸ್ತಕದಾಗ ಬರದಾರ. ಎಸ್ಟಿಮೇಟಿನ್ಯಾಗ ಆ ಸುಣ್ಣ ಇರ್ತದ. ರಸ್ತಿಗೆ ಬರೋ ಹೊತ್ತಿಗೆ ಜನರ ಕಣ್ಣಿಗೆ ಬಿದ್ದಿರ್ತದ.

ನಾನು: ಅಂದರೆ ತಪ್ಪು ಕಲ್ಲಿನದು?

ಡಾಂಬರು: ಛೇ, ಬಡ ಕಲ್ಲು ಏನು ಮಾಡ್ತದ! ಜಲ್ಲಿ ತೊಳೀದೆ ಧೂಳಿನ ಸಮೇತ ಹಾಕಿದ್ರ ನಾನು ಧೂಳಿಗೆ ಅಂಟ್ತೀನಿ, ಕಲ್ಲಿಗಲ್ಲ. 150–165 ಡಿಗ್ರಿಗೆ ಬೇಯಿಸಿದ ಮಿಶ್ರಣ ಟ್ರಾಫಿಕಿನ್ಯಾಗ ನಿಂತು ಆರಿದ್ರ ರೋಲರ್ ಎಷ್ಟು ಉರುಳಿದ್ರೂ ಒಳಗ ಸಂದು ಉಳೀತದ. ಆ ಸಂದಿನೊಳಗ ನೀರಿಗೆ ಬಾಡಿಗಿಲ್ಲದ ಮನಿ. ಇಷ್ಟೆಲ್ಲಾ ದಾಟಿ ನಾನು ಗಟ್ಟಿಯಾದೆ ಅನ್ನೋಣ. ಎಂಟನೇ ದಿನಕ್ಕ ಕೇಬಲಿನಾಂವ ಅಗೀತಾನ, ಅವನ ಹಿಂದ ಗ್ಯಾಸಿನಾಂವ, ಅವನ ಹಿಂದ ಡ್ರೈನೇಜಿನಾಂವ. ನಿಮ್ಮ ಕಾರಿನ ಬಾಗಿಲಾಗ ನೋಡ್ರಿ, ಒಂದು ಧೂಳಿಲ್ಲ. ಬಣ್ಣದ ಮ್ಯಾಲ ಕ್ಲಿಯರ್ ಕೋಟ್ ನುಣ್ಣಗ ಅದ, ನೀರು ನುಗ್ಗೂಕ ಸಂದಿಲ್ಲ, ಬಿಸಿಲಿಗೆ ಹದವಾಗಿ ಬಿಸಿಯಾಗ್ತದ. ಎಲ್ಲಾಕಿಂತ ದೊಡ್ಡದು, ನಿಮ್ಮ ಬಾಗಿಲ ಅಗದು ಕೇಬಲ್ ಹಾಕೂಕ ಇನ್ನೂ ಯಾರೂ ಅರ್ಜಿ ಕೊಟ್ಟಿಲ್ಲ.

(ಇಲ್ಲಿ ನಾನು ಮಾತು ಬೇರೆಡೆಗೆ ತಿರುಗಿಸಿ, ಬನಿಯನ್ನನ್ನು ಎಣ್ಣೆಯಲ್ಲಿ ಅದ್ದಿ ಅವರ ಮೇಲೆ ಮೆಲ್ಲಗೆ ಒತ್ತಿ ಹಿಡಿದೆ. ಅದನ್ನವರು ಮರ್ಯಾದೆ ಎಂದೇ ತಿಳಿದಂತಿತ್ತು.)

ನಾನು: ರಸ್ತೆಗೆ ನಿಮ್ಮವರನ್ನು ಹಾಕುವ ಯೋಚನೆ ಯಾರದು?

ಡಾಂಬರು: ಬಹಳ ಮಂದಿ ಹೆಸರು ಹೇಳ್ತಾರ. ನನಗ ಸೇರೋದು ಒಬ್ಬ ಡಾಕ್ಟರ ಕಥಿ. ಗುಗ್ಲಿಯೆಲ್ಮಿನೆಟ್ಟಿ ಅಂತ ಸ್ವಿಸ್ ವೈದ್ಯ. ಮೋಟಾರು ಗಾಡಿ ಎಬ್ಬಿಸೋ ಧೂಳಿನ ಕಾಟ ತಡಿಯೂಕ 1902ರಾಗ ಮೊನಾಕೊದ ರಸ್ತಿಗೆ ಕಲ್ಲಿದ್ದಲಿನ ಟಾರ್ ಬಳಿಸಿದ. ಆ ಟಾರು ನನಗ ದೊಡ್ಡಪ್ಪನ ಮಗ ಆಗಬೇಕು. ಜನ ಆ ವೈದ್ಯರಿಗೆ ಡಾಕ್ಟರ್ ಟಾರ್ ಅಂತಾನೇ ಹೆಸರಿಟ್ರು. ಡಾಕ್ಟರು ನಮ್ಮನ್ನ ರಸ್ತಿಗೆ ತಂದ್ರು, ಈಗ ನಾವು ರಸ್ತಿ ಬಿಟ್ಟ ಜಾಗದಾಗ ಬಿದ್ದವರನ್ನ ಡಾಕ್ಟರ ಹತ್ರ ಕಳಸ್ತೀವಿ. ಸೊಂಟದ ಡಾಕ್ಟರಿಗೆ.

ನಾನು: ನಿಮ್ಮನ್ನು ತೆಗೆಯಲು ನಮ್ಮ ಓಣಿಯವರು ಹಲವು ಉಪಾಯ ಹೇಳಿದ್ದಾರೆ. ಎದುರು ಮನೆಯವರದು ಬ್ಲೇಡು.

ಡಾಂಬರು: ಕೆರೀರಿ, ಕೆರೀರಿ. ಕ್ಲಿಯರ್ ಕೋಟ್ ತಲಿಗೂದಲಕಿಂತ ತೆಳು. ನಾನೂ ಹೋಗ್ತೀನಿ, ಅದೂ ಹೋಗ್ತದ. ಆಮ್ಯಾಲ ಪೇಂಟರ್ ಮುಂದ ನಿಂತು ಚೌಕಾಶಿ ಮಾಡ್ರಿ.

ನಾನು: ಪೆಟ್ರೋಲು?

ಡಾಂಬರು: ತಮ್ಮ ಅಂವ, ನಾನು ಕರಗ್ತೀನಿ. ಆದ್ರ ನಾನು ಕರಗೋದರೊಳಗ ಅಂವ ಆರಿ ಹೋಗ್ತಾನ, ನಾನು ಕಪ್ಪಗ ಹರಡಿ ಕೂಡ್ತೀನಿ. ಬಾಜೂಕ ಯಾರಾದ್ರೂ ಬೀಡಿ ಹಚ್ಚಿದ್ರ ಸಂದರ್ಶನ ಪೇಪರಿನ ಬ್ಯಾರೆ ಪುಟದಾಗ ಬರ್ತದ.

ನಾನು: ಥಿನ್ನರ್?

ಡಾಂಬರು: ಥಿನ್ನರಿನ ಹೆಸರು ಎತ್ತಬ್ಯಾಡ್ರಿ. ಅದಕ್ಕ ನನ್ನಕಿಂತ ನಿಮ್ಮ ಬಣ್ಣ ರುಚಿ. ಗ್ಯಾರೇಜಿನ್ಯಾಗ ಒಮ್ಮೆ ಬಣ್ಣ ಹೊಡಿಸಿದ ಬಾಗಿಲಾದ್ರ ಮುಗೀತು, ಕಂಪನಿ ಬಣ್ಣದ ಗಟ್ಟಿ ಅದಕ್ಕಿರಂಗಿಲ್ಲ. ಪುತಲಿಬೌಲಿ ಅಂಗಡಿಯಾಗ ಭಾಯ್ ಟಾರ್ ರಿಮೂವರ್ ಡಬ್ಬಿ ಕೊಡ್ತಾರ, ಅದು ಪರವಾಗಿಲ್ಲ. ಸೀಮೆಎಣ್ಣಿಗೂ ಬಗ್ತೀನಿ, ಈಗ ಅದು ಸಿಗಬೇಕಲ್ಲ. ಒಟ್ಟಿನ್ಯಾಗ ನಾನು ಎಣ್ಣಿ ಮನೆತನದಾಂವ, ನೀರಿನ ಮಾತು ಕೇಳಂಗಿಲ್ಲ. ಎಣ್ಣಿ ಬಂದ್ರ ಮಾತ್ರ... ತಡೀರಿ. ಈ ವಾಸನಿ ಏನು?

ನಾನು: ಕೊಬ್ಬರಿ ಎಣ್ಣೆ.

ಡಾಂಬರು: ಎಷ್ಟೊತ್ತಾತು ಹಚ್ಚಿ?

ನಾನು: ಮೊನಾಕೊದಿಂದ.

ಡಾಂಬರು: ಅದಕ್ಕೇ ಮೈಯೆಲ್ಲ ಸಡಿಲ ಆಗ್ಯದ. ಮೋಸ ಅಲ್ರಿ ಇದು? ಇರಲಿ, ಮಾಡಿದ್ದು ಸರಿ ಮಾಡ್ರಿ. ಗಸಗಸ ತಿಕ್ಕಬ್ಯಾಡ್ರಿ, ನನ್ನೊಳಗ ಸಣ್ಣ ಮರಳು ಅದ, ಗೀರು ಬೀಳ್ತದ. ಒರಸಿದ ಕಡಿ ಮತ್ತ ಒರಸಬ್ಯಾಡ್ರಿ, ಬಟ್ಟಿ ಮಡಚಿ ಹೊಸಾ ಮಗ್ಗಲು ಹಿಡೀರಿ. ಮ್ಯಾಲಿನಾಂವ ನನ್ನ ಅಣ್ಣ, ಎರಡು ವರ್ಷದ ಹಳಬ, ಗಟ್ಟಿಯಾಗ್ಯಾನ. ಅವನಿಗೆ ಇನ್ನೊಂದು ಸಲ ಎಣ್ಣಿ ಹಚ್ಚಿ ಬಿಡ್ರಿ. ಆಮ್ಯಾಲ ಶಾಂಪೂ ಹಾಕಿ ಜಿಡ್ಡು ತೊಳೀರಿ, ಇಲ್ಲಾಂದ್ರ ನಾಳೆ ಊರ ಧೂಳೆಲ್ಲ ಇಲ್ಲೇ ಬಂದು ಕೂಡ್ತದ. ವ್ಯಾಕ್ಸ್ ಹಚ್ಚೋದು ಮರೀಬ್ಯಾಡ್ರಿ, ಮುಂದಿನ ಟೆಂಡರ್ ಹತ್ರ ಬಂದದ.

ನಾನು: ಕೊನೆಯ ಆಸೆ ಏನಾದರೂ?

ಡಾಂಬರು: ಆ ಬನಿಯನ್ ಏನು ಮಾಡ್ತೀರಿ?

ನಾನು: ಎಸೆಯುವುದೇ.

ಡಾಂಬರು: ಓಣಿ ತಿರುವಿನ್ಯಾಗ ಗುಂಡಿ ಅದಲ್ಲ, ಅದರಾಗ ಒಗೀರಿ. ಆ ಗುಂಡಿಗೆ ಹಾಕಬೇಕಂತ ಮಂಜೂರಾದ ಡಾಂಬರಿನ್ಯಾಗ ಅಲ್ಲಿತನಕ ಮುಟ್ಟಿದ್ದು ನಾನೊಬ್ಬನೇ ಅಂತ ಆಗ್ತದ. ಹಂಗ ಒಗದು ಸುಮ್ಮನ ಬರಬ್ಯಾಡ್ರಿ. ಇಂಜಿನಿಯರ್ ಸಾಹೇಬ್ರಿಗೆ ಹೇಳಿ ಎಂ.ಬಿ. ಅನ್ನೋ ಅಳತಿ ಪುಸ್ತಕದಾಗ ಬರಸ್ರಿ. ಬರೀಲಿಲ್ಲಂದ್ರ ಬಿಲ್ ಆಗಂಗಿಲ್ಲ.