ಹಲ್ಲು ಎಣಿಸಿ ತಂದ ಲ್ಯಾಪ್‌ಟಾಪು

ಹಳೇ ಇಂಡಿ ತಾಲೂಕಿನ ಹಲಸಂಗಿಗೆ ಪೆನ್ನು ಪುಸ್ತಕ ಹಿಡಿದು ಹೋಗುವವರು ಸಾಮಾನ್ಯವಾಗಿ ಕವಿ ಮಧುರಚೆನ್ನರನ್ನು ಹುಡುಕಿಕೊಂಡು ಹೋಗುತ್ತಾರೆ. ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರ ಗೆಳೆತನ, 1931ರಲ್ಲಿ ಅಚ್ಚಾದ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’, ಇವೆಲ್ಲ ಇರುವಾಗ ಬೇರೆ ಏನು ಕೇಳಲಿಕ್ಕಿದೆ? ನಾನು ಮಾತ್ರ ಆ ಊರಿನ ಒಂದು ಲಿಂಬೆ ತೋಟದ ಮನೆಯ ಲ್ಯಾಪ್‌ಟಾಪನ್ನು ಮಾತಾಡಿಸಲು ಹೋಗಿದ್ದೆ. ‘ಮನಿಗಿ ಒಂದ್ ಸಾದಾ ಲ್ಯಾಪ್‌ಟಾಪ್ ಬೇಕು, ರೊಕ್ಕ ಕಮ್ಮಿ ಅದ, ಯಾವುದ್ ತಗೊಳ್ಳೂಣು?’ ಎಂಬ ಪ್ರಶ್ನೆಗೆ ಅಂಗಡಿಯವರು, ಅಳಿಯಂದಿರು, ಪಕ್ಕದ ಮನೆಯ ಡಿಪ್ಲೊಮಾ ಹುಡುಗರು ಎಲ್ಲ ಉತ್ತರ ಕೊಟ್ಟಾಗಿದೆ. ಲ್ಯಾಪ್‌ಟಾಪನ್ನೇ ಯಾರೂ ಕೇಳಿದಂತಿಲ್ಲ.

ಅದು ಪಡಸಾಲೆಯ ಗೂಡಿನಲ್ಲಿ, ಲಿಂಬೆಹಣ್ಣಿನ ಲೆಕ್ಕದ ವಹಿಯ ಮೇಲೆ ಕೂತಿತ್ತು. ಕರಿಯ ಮೈ, ಒಂದು ಮೂಲೆ ತುಸು ಸವೆದಿದೆ, ಮುಖದಲ್ಲಿ ನಿವೃತ್ತ ಹೆಡ್ ಕ್ಲಾರ್ಕನ ಗತ್ತು.

ನಾನು: ನಮಸ್ಕಾರ. ತಮ್ಮ ಪೂರ್ವಾಶ್ರಮ?

ಲ್ಯಾಪ್‌ಟಾಪ್: ಬೆಂಗಳೂರ್ರಿ. ಒಂದ್ ಐಟಿ ಕಂಪನ್ಯಾಗ ಇದ್ದೆ. ಹಗಲೆಲ್ಲ ಎಸಿ, ಮಾತೆಲ್ಲ ಇಂಗ್ಲಿಷು. ಲೀಸು ಮುಗೀತಂತ ಒಂದಿನ ನಮ್ಮನ್ನೆಲ್ಲ ಖೊಕ್ಕಾದಾಗ ತುಂಬಿ ಹರಾಜ್ ಹಾಕಿದ್ರು. ಅಲ್ಲಿಂದ ಸಾದರ್ ಪತ್ರಪ್ಪ ರಸ್ತೆ, ನೀವು ಎಸ್.ಪಿ. ರೋಡ್ ಅಂತೀರಲ್ಲ, ಅಲ್ಲಿಗಿ ಬಂದೆ. ಅಲ್ಲಿ ಮೈ ಒರಸಿದ್ರು, ಹಳೇ ಹಾರ್ಡ್‌ಡಿಸ್ಕ್ ತಗದು ಎಸ್‌ಎಸ್‌ಡಿ ಕೂಡಿಸಿದ್ರು, ‘ರೀಫರ್ಬಿಶ್ಡ್’ ಅಂತ ಹೊಸಾ ಹೆಸರಿಟ್ರು. ಆಮ್ಯಾಲ ವಿಜಯಪುರದ ಒಂದ್ ಅಂಗಡಿ, ಆಮ್ಯಾಲ ಈ ಗೂಡು.

ನಾನು: ಅಂದರೆ ಸೆಕೆಂಡ್ ಹ್ಯಾಂಡ್.

ಲ್ಯಾಪ್‌ಟಾಪ್: ಹಂಗನಬ್ಯಾಡ್ರಿ. ಮನಸಿಗಿ ಹತ್ತತದ.

ನಾನು: ಈ ಮನೆಯವರು ನಿಮ್ಮನ್ನು ಆರಿಸಿದ್ದು ಹೇಗೆ?

ಲ್ಯಾಪ್‌ಟಾಪ್: ಅದೊಂದ್ ದೊಡ್ಡ ಪುರಾಣರೀ. ಅಂಗಡಿಗಿ ನಾಕ ಮಂದಿ ಬಂದಿದ್ರು, ಐದು ಅಭಿಪ್ರಾಯ ತಂದಿದ್ರು. ಅಕ್ಕಗ, ಅಂದ್ರ ಈ ಮನಿ ಮಗಳಿಗಿ, ತೆಳ್ಳಂದು ಬೇಕಿತ್ತು. ಅಳಿಯ ಮಹಾರಾಜರಿಗಿ ಕೀಲಿಮಣಿ ಬುಡಕ ಕೆಂಪು ದೀಪ ಹತ್ತೂದು ಬೇಕಿತ್ತು. ಅವ್ವ ‘ಫೋನಿನಾಗ ಎಲ್ಲಾ ಬರ್ತದಲ್ಲ, ಇದ್ಯಾಕ?’ ಅಂದ್ರು. ಅದಕ್ಕ ಅಂಗಡ್ಯಾಗ ಯಾರ ಹತ್ರಾನೂ ಜವಾಬು ಇರಲಿಲ್ಲ, ಮಾತು ಬದಲಿ ಮಾಡಿದ್ರು. ಅಂಗಡಿಯವ ನನ್ನ ಎದಿ ಮ್ಯಾಲಿನ ಸ್ಟಿಕ್ಕರ್ ತೋರ್ಸಿ ‘ಐ5 ಅದರಿ, ಐ5!’ ಅಂತ ಒದರ್ಲಾಕ ಹತ್ತಿದ. ಆವಾಗ ಮುತ್ಯಾ, ಅಂದ್ರ ಈ ಮನಿ ಅಜ್ಜ, ಒಂದ ಮಾತು ಕೇಳಿದ್ರು: ‘ಹಲ್ಲು ಎಷ್ಟು?’

ನಾನು: ಹಲ್ಲು?

ಲ್ಯಾಪ್‌ಟಾಪ್: ಮುತ್ಯಾ ಜೀವಮಾನವೆಲ್ಲ ಸಿದ್ಧೇಶ್ವರ ಜಾತ್ರ್ಯಾಗ ಖಿಲಾರಿ ಎತ್ತು ಹಿಡದವ್ರು. ಕೋಡಿಗಿ ಬಣ್ಣ ಎಂಥಾದದ, ಕೊರಳಾಗ ಗೆಜ್ಜಿ ಎಷ್ಟವ, ನೋಡೂದಿಲ್ಲ. ವಯಸ್ಸು ತಿಳೀಲಾಕ ಬಾಯಿ ತಗದು ಹಲ್ಲು ನೋಡ್ತಾರ. ಎರಡ್ ಹಲ್ಲಿಂದೋ, ಬಾಯಿಗೂಡಿದ್ದೋ, ಅಷ್ಟ ಕೇಳ್ತಾರ. ಅಂಗಡಿಯವ ನಕ್ಕ. ನಾ ನಗಲಿಲ್ಲ, ಖರೇ ಹೇಳ್ತೀನಿ, ನನ್ನ ಫ್ಯಾನು ಒಂದ್ ಸುತ್ತು ಜೋರ್ ತಿರುಗ್ತು. ಯಾಕಂದ್ರ ಬರೇ ಐ5 ಅಂದ್ರ ಏನೂ ಹೇಳ್ದಂಗಲ್ಲ. ಐ5 ಅನ್ನೂ ಇಂಟೆಲ್ ಪ್ರೊಸೆಸರಿನ ಹೆಸರು 2009ರಿಂದ ಅದ. ಹತ್ತು ವರ್ಷದ ಹಿಂದಿನ ಐ5ಕಿಂತ ಈಗಿನ ಐ3 ಜೋರ್ ಓಡ್ತದ. ಹೆಸರಿನ ಮುಂದಿನ ಅಂಕಿ ನೋಡ್ಬೇಕ್ರಿ. ನನ್ನದು 8250ಯು. ಮೊದಲನೇ ಅಂಕಿ ಎಂಟು, ಅಂದ್ರ ಎಂಟನೇ ತಲೆಮಾರು, 2017ರ ಪೀಳಿಗಿ. 1135 ಅಂತ ಇದ್ರ ಮೊದಲ ಎರಡೂ ಅಂಕಿ ಹಿಡೀಬೇಕು, ಹನ್ನೊಂದನೇದು. ಅದ ನಮ್ಮ ಹಲ್ಲು.

(ಈ ಹಂತದಲ್ಲಿ ಮುತ್ಯಾ ಬಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿ, ಅದರ ಮೇಲೆ ಚಷ್ಮಾ ಇಟ್ಟು ಹೋದರು. ಸಂದರ್ಶನ ಸ್ವಲ್ಪ ಹೊತ್ತು ನಿಂತಿತು.)

ನಾನು: ಎಂಟು ಅಂದರೆ ಮುದಿ ವಯಸ್ಸಲ್ಲವೇ?

ಲ್ಯಾಪ್‌ಟಾಪ್: ಎಂಟಿದ್ದಕ್ಕ ಬದುಕೀನ್ರಿ! ನನ್ನ ಪಕ್ಕದ ಮೇಜಿನಾಗ ನನ್ನ ಅಣ್ಣ ಇದ್ದ, 7200ಯು. ಅದ ಮೈಕಟ್ಟು, ಅದ ಕೆಲಸ, ನನಗಿಂತ ಗಟ್ಟಿ ಬಿಜಾಗರಿ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಬೆಂಬಲ ಮುಗೀತು. ವಿಂಡೋಸ್ 11ಕ್ಕ ಏರ್ರಿ ಅಂದ್ರು. ಏರಬೇಕಂದ್ರ ಟಿಪಿಎಂ 2.0 ಅನ್ನೂ ಬೀಗದ ಚಿಪ್ಪು ಬೇಕು, ಇಂಟೆಲ್‌ದಾದ್ರ ಎಂಟನೇ ತಲೆಮಾರಿನಿಂದ ಈಚಿನದಿರಬೇಕು. ಅಣ್ಣ ಏಳರ ಮನಿಯಾಂವ. ಮೈಯಾಗ ಒಂದ್ ರೋಗ ಇಲ್ಲ, ಮುಪ್ಪು ಬಂದಿಲ್ಲ, ಕಾಗದದ ಮ್ಯಾಲ ಸತ್ತ. ನಿಮ್ಮಾಗ ಪಿಂಚಣಿ ಕೇಳ್ಲಾಕ ಹೋದ್ರ ‘ನೀವು ಸತ್ತೀರಿ ಅಂತ ರೆಕಾರ್ಡಿನಾಗದ’ ಅಂತಾರಲ್ಲ, ಹಂಗ.

ನಾನು: ಈಗ ಎಲ್ಲಿದ್ದಾನೆ?

ಲ್ಯಾಪ್‌ಟಾಪ್: ಸೊಲ್ಲಾಪುರದಾಗ, ಒಂದ್ ಹುಡುಗನ ಕೈಯಾಗ. ಲಿನಕ್ಸ್ ಮಿಂಟ್ ಹಾಕ್ಯಾನ, ಪುಕ್ಕಟೆ. ನನಗಿಂತ ಆರಾಮ ಅದಾನ ಅಂತ ಕೇಳೀನಿ.

ನಾನು: ಆದರೂ ಹೊಸದು, ಅಗ್ಗದ್ದು ಸಿಗುವಾಗ ಹಳತೇಕೆ ಎಂದು ಜನ ಕೇಳುತ್ತಾರೆ.

ಲ್ಯಾಪ್‌ಟಾಪ್: ಕೇಳ್ಲಿ. ವಿಂಡೋಸ್ 11ಕ್ಕ ಕಂಪನಿ ಬರದ ಕನಿಷ್ಠ ಅಳತಿ 4 ಜಿಬಿ ರ‍್ಯಾಮು, 64 ಜಿಬಿ ಜಾಗ. ಕಡಿಮಿ ರೇಟಿನ ಹೊಸಾ ಮಾಲಿನಾಗ ಸರಿಯಾಗಿ ಅಷ್ಟ ಇರ್ತದ ನೋಡ್ರಿ, ಒಂದ್ ಚೂರು ಹೆಚ್ಚಿಲ್ಲ. ಜಾಗದ ಅರ್ಧದಷ್ಟು ವಿಂಡೋಸೇ ತಿಂತದ. ನಾಕ ತಿಂಗಳಿಗಿ ‘ಜಾಗ ಇಲ್ಲ, ಅಪ್‌ಡೇಟ್ ಆಗೂದಿಲ್ಲ’ ಅಂತ ಹಳದಿ ಚೀಟಿ. ಹೋಗ್ಲಿ, ಜಾಗ ಹೆಚ್ಚ ಮಾಡೂಣು ಅಂದ್ರ ಆ ಇಎಂಎಂಸಿ ಚಿಪ್ಪು ಬೋರ್ಡಿಗಿ ಬೆಸುಗಿ ಹಾಕಿರ್ತಾರ, ತಗೀಲಾಕ ಬರೂದಿಲ್ಲ. ನನ್ನ ಬುಡ ತಿರುಗಿಸಿ ಸ್ಕ್ರೂ ಬಿಚ್ರಿ, ರ‍್ಯಾಮ್ ಬದಲಿ ಮಾಡಬಹುದು, ಡಿಸ್ಕ್ ಬದಲಿ ಮಾಡಬಹುದು, ಬ್ಯಾಟರಿ ಬದಲಿ ಮಾಡಬಹುದು. ನಾ ಸಾಹೇಬರ ಸಲುವಾಗಿ ಹುಟ್ಟಿದಾಂವ. ಸಾಹೇಬರ ಕೆಲಸ ನಿಲ್ಲಬಾರ್ದು, ಅದಕ್ಕ ನನ್ನ ರಿಪೇರಿ ಸಸಾರ.

ನಾನು: ಆದರೆ ಬಡವರಿಗೆಂದೇ ಮಾಡಿದ ಕಂಪ್ಯೂಟರುಗಳೂ ಬಂದಿದ್ದವಲ್ಲ?

ಲ್ಯಾಪ್‌ಟಾಪ್: ಬಂದಿದ್ವು. ನಮ್ಮ ಮನೆತನದಾಗ ‘ಬಡವರಿಗೆ’ ಅಂತ ಹೆಸರಿಟ್ಟು ಹುಟ್ಟಿಸಿದವ್ರು ಯಾರೂ ಬಾಳಿಲ್ರಿ. ಮೊದಲ ನಮ್ಮ ಬೆಂಗಳೂರಿನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರು ಮತ್ತು ಎನ್‌ಕೋರ್ ಕಂಪನಿಯವ್ರು ಕೂಡಿ ಕಟ್ಟಿದ್ದು, 2004ರಾಗ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿ ಮಾರಾಟಕ್ಕ ಬಿಟ್ರು. ಅಂಗೈಯಷ್ಟು. ಓದು ಬರದವ್ರಿಗೂ ನಡೀಬೇಕು, ಅಕ್ಷರ ಬರದಿದ್ರ ಯಂತ್ರನ ಓದಿ ಹೇಳ್ಬೇಕು ಅಂತ ವಿಚಾರ. ಕೈಯಾಗ ಒಂದೀಟು ವಾಲಿಸಿದ್ರ ಅದಕ್ಕ ತಿಳೀತಿತ್ತು, ಈಗಿನ ಫೋನು ಆಮ್ಯಾಲ ಕಲಿತ ವಿದ್ಯಾ ಅದು. ಜಾಣಿದ್ದ ಪಾಪ. ಆದ್ರ ಸಾವಿರ ಸಾವಿರ ತಗೊಳ್ಳೂ ಗಿರಾಕಿ ಬರಲಿಲ್ಲ, ಅಷ್ಟೊತ್ತಿಗಿ ಮೊಬೈಲ್ ಬಂದು ಕುಂತ್ವು. ಆಮ್ಯಾಲ ಅಮೆರಿಕಾದ ನಿಕೋಲಸ್ ನೆಗ್ರೊಪಾಂಟೆ ಸಾಹೇಬರ ನೂರು ಡಾಲರ್ ಲ್ಯಾಪ್‌ಟಾಪ್. ಕರೆಂಟ್ ಇಲ್ಲದೂರಿಗಿ ಅಂತ ಕೈಯಿಂದ ತಿರುಗಿಸೂ ಹಿಡಿಕಿ ಇತ್ತು. 2005ರಾಗ ಟ್ಯುನಿಸಿಯಾದ ಸಭಾದಾಗ ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಕೋಫಿ ಅನ್ನಾನ್ ಸಾಹೇಬ್ರು ಅದನ್ನ ತಿರುಗಿಸಿದ್ರು, ಹಿಡಿಕಿ ಕೈಗೇ ಬಂತು. ಮಾಲು ತಯಾರಾಗಿ ಹೊರಗ ಬರೂದ್ರೊಳಗ ಹಿಡಿಕೀನೂ ಹೋಗಿತ್ತು, ನೂರು ಡಾಲರ್ ರೇಟೂ ಹೋಗಿತ್ತು. 2011ಕ್ಕ ದಿಲ್ಲಿಯಾಗ ಆಕಾಶ್ ಟ್ಯಾಬ್ಲೆಟ್. ಹೆಸರು ಆಕಾಶ, ರ‍್ಯಾಮು 256 ಎಂಬಿ.

ನಾನು: ತಾತ್ಪರ್ಯ?

ಲ್ಯಾಪ್‌ಟಾಪ್: ತಾತ್ಪರ್ಯ ಏನ್ರಿ, ಬಡವರಿಗಂತ ಮಾಡೂಮುಂದ ಎಲ್ಲಾರೂ ಮೊದಲು ಏನ್ ಬಿಡೂಣು ಅಂತ ವಿಚಾರ ಮಾಡ್ತಾರ.

ನಾನು: ಮನೆಯಲ್ಲಿ ದಿನಚರಿ ಹೇಗಿದೆ? ಬೆಂಗಳೂರಿನಲ್ಲಿ ಮಾಡುತ್ತಿದ್ದ ಕೆಲಸಕ್ಕಿಂತ ಹಗುರವೇ?

ಲ್ಯಾಪ್‌ಟಾಪ್: ಅಲ್ಲಿ ಒಂದ ಎಕ್ಸೆಲ್ ಹಾಳಿ ದಿನಾ ತಗೀತಿದ್ರು, ಮುಚ್ಚತಿದ್ರು, ಅಷ್ಟ. ಇಲ್ಲಿ ಹೊಲದ ಉತಾರ ತಗೀಬೇಕು, ಬೆಳಿ ವಿಮಾ ನೋಡ್ಬೇಕು, ಲಿಂಬಿ ಕಜ್ಜಿರೋಗಕ್ಕ ಏನ್ ಹೊಡೀಬೇಕು ಅಂತ ಯೂಟ್ಯೂಬಿನಾಗ ಹುಡುಕಬೇಕು, ಸಂಜಿಮುಂದ ಪುಣೆದಾಗಿನ ಮಗನ ಮಾರಿ ಅವ್ವಗ ತೋರಿಸಬೇಕು. ಅಕ್ಕನ ಅರ್ಜಿಗೋಳಂತೂ ಮುಗಿಯೂದಿಲ್ಲ. ಇದಕ್ಕೆಲ್ಲ ಭಾಳ ಶಕ್ತಿ ಬೇಕಿಲ್ರಿ. ಕಂಪನಿಗೋಳು ಜಾಹೀರಾತಿನಾಗ ತೋರಸೂ ಎಐ ಗುಂಡಿ ಈ ಮನ್ಯಾಗ ಒಬ್ರೂ ಕೇಳಿಲ್ಲ. 8 ಜಿಬಿ ರ‍್ಯಾಮು, ಒಂದ್ 256ರ ಎಸ್‌ಎಸ್‌ಡಿ, ದೊಡ್ಡ ಅಕ್ಷರ ಕಾಣೂ ಪರದೆ, ಗಟ್ಟಿ ಕೀಲಿಮಣಿ, ಸಾಕು. ಅಡ್ಡಾಗೂದು ಶಕ್ತಿ ಅಲ್ಲ, ಸರ್ವರ್.

ನಾನು: ಕನ್ನಡ?

ಲ್ಯಾಪ್‌ಟಾಪ್: (ನಿಟ್ಟುಸಿರು) ಯಾರೋ ಪಂಚಾಯ್ತಿಯಿಂದ ಒಂದ್ ಪತ್ರ ಕಳಸ್ತಾರ, ಹಳೇ ನುಡಿ ಫಾಂಟಿನಾಗ. ನುಡಿ ಇಲ್ಲದ ಯಂತ್ರದಾಗ ತಗದ್ರ ಕನ್ನಡ ಎಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆ ಕೂಡಿದ ಕಸ. ಮುತ್ಯಾ ಅದನ್ನ ನೋಡಿ ‘ಇದ್ಯಾವ್ ಭಾಷಾ, ಕನ್ನಡದ ದೆವ್ವ ಬಡದದೇನು?’ ಅಂದ್ರು. ಈಗ ಯುನಿಕೋಡ್ ಬಂದದ, ಕೆ.ಪಿ. ರಾವ್ ಅವರು ಹಾಕಿಕೊಟ್ಟ ಕೀಲಿ ಜೋಡಣಿ ಅದ, ಅಕ್ಕ ಎರಡ ವಾರದಾಗ ಕಲಿತಳು. ಅಂಗಡ್ಯಾಗ ಎಲ್ಲಾ ಕೇಳ್ತಾರ್ರಿ, ಕನ್ನಡ ಟೈಪ್ ಮಾಡಿ ತೋರ್ಸು ಅಂತ ಒಬ್ರೂ ಕೇಳೂದಿಲ್ಲ.

ನಾನು: ಹಲಸಂಗಿಯಲ್ಲಿದ್ದು ಹಾಡಿನ ಮಾತೆತ್ತದೆ ಹೋದರೆ ಹೇಗೆ? ಆ ಗೆಳೆಯರು ಮನೆಮನೆ ತಿರುಗಿ ಕೂಡಿಸಿದ ಹಾಡೆಲ್ಲ ನಿಮ್ಮ ಹೊಟ್ಟೆಯಲ್ಲಿ ಹಿಡಿಸುತ್ತದೆಯೇ?

ಲ್ಯಾಪ್‌ಟಾಪ್: ಯುನಿಕೋಡಿನ ಯುಟಿಎಫ್-8 ಪದ್ಧತ್ಯಾಗ ಒಂದ್ ಕನ್ನಡ ಅಕ್ಷರ ಚಿಹ್ನೆಗಿ ಮೂರು ಬೈಟ್. ಆ ಲೆಕ್ಕದಾಗ ಅಂಥಾ ಒಂದ್ ಪುಸ್ತಕ ಅಂದ್ರ ಒಂದೆರಡು ಎಂಬಿ ಆಗಬಹುದು. ಮೊನ್ನಿ ಅಳಿಯ ಮಹಾರಾಜರು ಲಿಂಬಿ ಗಿಡದ ಮುಂದ ನಿಂತು ತಗಸಿಕೊಂಡ ಒಂದ ಫೋಟೊ ನಾಕ ಎಂಬಿ. ಅಂಥವು ನನ್ನ ಹೊಟ್ಟ್ಯಾಗ ಸಾವಿರಾರವ. ಹಾಡು ಒಂದೂ ಇಲ್ರಿ. ಯಾರೂ ಹಾಕಿಲ್ಲ.

ನಾನು: ಪಡಸಾಲೆಯ ಆ ಮೂಲೆಯಲ್ಲಿರುವ ಬೀಸುಕಲ್ಲಿನ ಜೊತೆ ಮಾತುಕತೆ ಉಂಟೋ?

ಲ್ಯಾಪ್‌ಟಾಪ್: ಅದಕ್ಕ ನನ್ನ ಮ್ಯಾಲ ಸಿಟ್ಟು ಇಲ್ಲ. ಊರಾಗ ಗಿರಣಿ ಬಂತು, ಜನಾನ ಅದನ್ನ ಬಿಟ್ರು. ನನ್ನ ಕತಿ ಬ್ಯಾರೆ. ಜನ ಇಟ್ಕೊಂಡ್ರೂ ಕಂಪನಿ ಬಿಡ್ತದ.

ನಾನು: ಈ ಬಿಸಿಲು, ಧೂಳು, ಹೋಗಿ ಬರುವ ಕರೆಂಟು ತಾಳಿಕೊಂಡಿದ್ದೀರಿ.

ಲ್ಯಾಪ್‌ಟಾಪ್: ಕರೆಂಟಿಗಿ ಅಂಜಿಕಿಲ್ಲ. ನನ್ನ ಅಡಾಪ್ಟರ್ ಮ್ಯಾಲ 100ರಿಂದ 240 ವೋಲ್ಟ್ ಅಂತ ಬರದದ, ಬಲ್ಬು ಮಿಣಿಮಿಣಿ ಅಂದ್ರೂ ನಾ ನಡೀತೀನಿ. ನನಗ ಅಂಜಿಕಿ ಕೌದಿದು. ಅವ್ವ ಪ್ರೀತಿಲಿಂದ ನನ್ನ ಕೌದಿ ಮ್ಯಾಲ ಕೂಡಸ್ತಾರ. ನನ್ನ ಮೂಗು ಇರೂದು ಬುಡಕ, ಉಸಿರು ಕಟ್ಟಿ ಕಾಯ್ತೀನಿ. ಹಲಗಿ ಮ್ಯಾಲ ಇಡ್ರಿ ಅಂತ ನೀವು ಒಂದ್ ಮಾತು ಹೇಳಿ ಹೋಗ್ರಿ.

ನಾನು: ಅಂಗಡಿಯವರು ಎಲ್ಲ ಸಾಫ್ಟ್‌ವೇರನ್ನೂ ಪುಕ್ಕಟೆ ಹಾಕಿ ಕೊಟ್ಟರಂತೆ?

ಲ್ಯಾಪ್‌ಟಾಪ್: ಮುಂದಿನ ಪ್ರಶ್ನೆ ಕೇಳ್ರಿ.

ನಾನು: ಕದ್ದ ಪ್ರತಿಗಳೇ?

ಲ್ಯಾಪ್‌ಟಾಪ್: ಹಿಂಗ ಮಾನ ಕಳೀಬ್ಯಾಡ್ರಿ. ಅಕ್ಕ ಆಮ್ಯಾಲ ಅವನ್ನೆಲ್ಲ ತಗದು ಲಿಬ್ರೆಆಫೀಸ್ ಹಾಕ್ಯಾಳ. ಪತ್ರ ಬರೀಲಾಕ, ಲಿಂಬಿ ಲೆಕ್ಕ ಇಡ್ಲಾಕ ಅದ ಸಾಕಾಗ್ತದ. ಕದ್ದ ಮಾಲಿನ ಕೂಡ ಏನೇನು ಹುಳ ಬರ್ತಾವು ಅಂತ ಬ್ಯಾಂಕಿನ ಪಾಸ್‌ವರ್ಡ್ ಹೊಡದವ್ರಿಗಿ ಗೊತ್ತು.

ನಾನು: ನನಗೂ ಒಂದು ಕೊಳ್ಳಬೇಕಾಗಿದೆ. ಇಪ್ಪತ್ತು ಸಾವಿರದ ಆಸುಪಾಸು. ಅಂಗಡಿಯಲ್ಲಿ ಏನು ಕೇಳಲಿ?

ಲ್ಯಾಪ್‌ಟಾಪ್: ಹಲ್ಲು ಕೇಳ್ರಿ, ಎಂಟು ಇಲ್ಲಾ ಅದರ ಮ್ಯಾಲಿಂದಿರ್ಲಿ. ರ‍್ಯಾಮು ಬೆಸುಗಿದೋ, ತಗದು ಹಾಕೂದೋ ಕೇಳ್ರಿ. ಬಿಲ್ಲು, ಆರು ತಿಂಗಳರೆ ಗ್ಯಾರಂಟಿ ಬರಕೊಡ್ತಾನೋ ಇಲ್ಲೋ ಕೇಳ್ರಿ. ಮತ್ತ ಬ್ಯಾಟರಿ. ‘ಹೊಸಾದದ್ರೀ’ ಅಂತ ಎಲ್ಲಾರೂ ಅಂತಾರ. ವಿಂಡೋಸಿನಾಗ ಬ್ಯಾಟರಿ ರಿಪೋರ್ಟ್ ಅಂತ ತಗೀಲಾಕ ಬರ್ತದ, ಹುಟ್ಟಿದಾಗ ಎಷ್ಟು ಹಿಡೀತಿತ್ತು, ಈಗ ಎಷ್ಟು ಹಿಡೀತದ, ಎರಡೂ ಬರದಿರ್ತದ. ನನ್ನದು ಅರ್ಧಕ್ಕ ಬಂದದ, ಅದನ್ನ ಮುತ್ಯಾಗ ಹೇಳಬ್ಯಾಡ್ರಿ.

ನಾನು: ತೆಳ್ಳಗೆ, ಚೆಂದ ಇರಬೇಕೆಂದು ನನ್ನ ಮನೆಯಲ್ಲಿ ಆಸೆ.

ಲ್ಯಾಪ್‌ಟಾಪ್: ಹಂಗಾದ್ರ ನನ್ನ ಯಾಕ ಕೇಳ್ಲಾಕ ಬಂದ್ರಿ? ಅಳಿಯ ಮಹಾರಾಜರನ್ನ ಕೇಳ್ರಿ. ಅಂಥಾದ್ದೊಂದು ಕಂತಿನ ಮ್ಯಾಲ ತಂದಾರ. ಕೆಂಪು ದೀಪ ಹತ್ತತದ, ಒಂದ್ ತಾಸಿನಾಗ ಬ್ಯಾಟರಿ ಆರ್ತದ, ಅರ್ಜಿ ತುಂಬ್ಲಾಕ ಇಲ್ಲಿಗೇ ಬರ್ತಾರ.

ನಾನು: ಕೊನೆಯ ಪ್ರಶ್ನೆ. ವಿಂಡೋಸ್ 12 ಅಂತ ಒಂದು ಬಂದು, ‘ಎಂಟರ ಹಲ್ಲೂ ಸಾಲದು’ ಎಂದರೆ...

(ಉತ್ತರ ಬರುವ ಮೊದಲೇ ಒಳಗಿನಿಂದ ಮಗಳು ಓಡಿ ಬಂದಳು. ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತೇ ಕಡೆಯ ದಿನ. ‘ಸರ, ಸರ್ವರ್ ಚಾಲೂ ಆಗ್ಯದಂತ್ರಿ, ಈಗ ತುಂಬಿದ್ರ ತುಂಬಿದಂಗ!’ ಎಂದು ನನ್ನೆದುರಿನಿಂದ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋದಳು. ಹೋಗುವಾಗ ಅದು ನನ್ನತ್ತ ತಿರುಗಿ, ‘ಆ ಕೌದಿ ಮಾತು ಹೇಳಿ ಹೋಗ್ರಿ’ ಎಂದಿತು.)