ಗ್ಯಾಸ್ ಹೊಡೆಯುವ ಮುನ್ನ ಸೋರಿಕೆ ಹುಡುಕಿ

ಕಾರಿನ ಏಸಿ ಕೆಲಸ ಮಾಡುವ ಅಣ್ಣಂದಿರಿಗೆ ನಮಸ್ಕಾರ.

ಕಲಬುರಗಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವ ಹೊತ್ತಿಗೆ ನಿಮ್ಮ ಶೆಡ್ ಮುಂದೆ ಕಾರುಗಳ ಸಾಲು ಬೆಳೆಯುತ್ತದೆ. ನಮಗೆ ತಂಪು ಬೇಕೆಂದು ಅದೇ ಬಿಸಿಲಲ್ಲಿ ಕಾದ ಬಾನೆಟ್‌ ಮೇಲೆ ಬಗ್ಗುವವರು ನೀವು. ಆ ದುಡಿಮೆಯ ಮೇಲಿನ ಗೌರವದಿಂದಲೇ ಕೇಳಿಕೊಳ್ಳುತ್ತಿದ್ದೇನೆ: ‘ಗ್ಯಾಸ್ ಖಾಲಿ ಸಾರ್, ಹೊಡೆಸಿಬಿಡಿ’ ಎಂಬ ಮಾತನ್ನು ಮೊದಲಿಗೇ ಆಡಬೇಡಿ.

ಏಸಿ ಗ್ಯಾಸ್ ಉರಿದು ಮುಗಿಯುವ ವಸ್ತುವಲ್ಲ. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ, ಅಲ್ಲಿಂದ ಕೂಲಿಂಗ್ ಕಾಯಿಲ್‌ಗೆ, ಮತ್ತೆ ಕಂಪ್ರೆಸರ್‌ಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಪೈಪು, ಓ-ರಿಂಗ್‌ಗಳಿಂದ ವರ್ಷಗಳು ಕಳೆದಂತೆ ಚೂರುಪಾರು ಇಳಿಯುವುದು ಸಹಜ. ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಉಳಿದಿಲ್ಲವೆಂದರೆ ಸೋರುತ್ತಿದೆ ಎಂದೇ ಅರ್ಥ. ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ಲೂ ಹೊರಬರುವುದರಿಂದ, ಪೈಪಿನ ಜಾಯಿಂಟಿನಲ್ಲಿ ಧೂಳು ಮೆತ್ತಿಕೊಂಡ ಕಪ್ಪು ಜಿಡ್ಡು ಎಷ್ಟೋ ಸಲ ಕಣ್ಣಿಗೇ ಬೀಳುತ್ತದೆ. ಅದು ಕಾಣದಿದ್ದರೆ ನೈಟ್ರೋಜನ್ ತುಂಬಿಸಿ ಸೋಪಿನ ನೊರೆ ಹಚ್ಚಿ. ಕೂಲಿಂಗ್ ಕಾಯಿಲ್ಲೇ ಸೋರುತ್ತಿದ್ದರೆ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಖರ್ಚು ಜಾಸ್ತಿ. ಆದರೂ ಹೇಳಿಬಿಡಿ, ತೀರ್ಮಾನ ಗಿರಾಕಿಯದು.

ಗ್ಯಾಸಿಗೆ ಸಂಬಂಧವೇ ಇಲ್ಲದ ತೊಂದರೆಗಳೂ ಇವೆ. ಹೈವೇಯಲ್ಲಿ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿಗಾಳಿ ಎಂದರೆ ಕಂಡೆನ್ಸರ್ ಫ್ಯಾನ್ ತಿರುಗುತ್ತಿದೆಯೇ, ಜಾಲರಿಗೆ ಮಣ್ಣು ಕಟ್ಟಿದೆಯೇ ನೋಡಿ. ತಂಪಿದೆ, ಗಾಳಿಯೇ ಬರುತ್ತಿಲ್ಲವೆಂದರೆ ಕ್ಯಾಬಿನ್ ಫಿಲ್ಟರ್ ಕಟ್ಟಿರಬಹುದು. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ.

ಇನ್ನು ಗೇಜ್. ಏಸಿ ಆಫ್ ಆಗಿ ಸ್ವಲ್ಪ ಹೊತ್ತು ಬಿಟ್ಟರೆ ಎರಡೂ ಮುಳ್ಳು ಒಂದೇ ಕಡೆ ನಿಲ್ಲುತ್ತವೆ. ಒಳಗೆ ದ್ರವರೂಪದ ಗ್ಯಾಸ್ ಒಂದಿಷ್ಟು ಇರುವವರೆಗೂ ಆ ಒತ್ತಡ ಶಾಖಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಗ್ಯಾಸಿನ ತೂಕಕ್ಕಲ್ಲ. ಹಾಗಾಗಿ ಗೇಜ್ ನಂಬದೆ ತೂಕ ಮಾಡಿಯೇ ತುಂಬಿ. ಎಷ್ಟು ಗ್ರಾಂ ಬೇಕೆಂದು ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಿರುತ್ತದೆ, ಸಣ್ಣ ಕಾರುಗಳಿಗೆ ಸುಮಾರು 400–500 ಗ್ರಾಂ. ಅಂದಾಜಿಗೆ ಜಾಸ್ತಿ ತುಂಬಿದರೆ ತಂಪು ಹೆಚ್ಚುವುದಿಲ್ಲ, ಹೈ ಸೈಡ್ ಒತ್ತಡ ಏರಿ ಕಂಪ್ರೆಸರ್ ಸೊರಗುತ್ತದೆ.

ನಮ್ಮ ಬಹುತೇಕ ಕಾರುಗಳಲ್ಲಿರುವುದು ಆರ್-134ಎ. ಓಝೋನ್ ಪದರ ತಿನ್ನುತ್ತಿದ್ದ ಆರ್-12ರ ಜಾಗಕ್ಕೆ, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬಂದದ್ದು. ಓಝೋನಿಗೆ ಇದರಿಂದ ತೊಂದರೆಯಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಇದರ ಒಂದು ಕಿಲೋ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅರ್ಧ ಕಿಲೋ ಸೋರಿತೆಂದರೆ 300 ಲೀಟರ್ ಪೆಟ್ರೋಲ್ ಸುಟ್ಟಷ್ಟೇ ಹಾನಿ. ವಾಲ್ವ್ ಒತ್ತಿ ‘ಸುಯ್’ ಎಂದು ಹಳೆ ಗ್ಯಾಸನ್ನು ಗಾಳಿಗೆ ಬಿಡುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಅದನ್ನು ರಿಕವರಿ ಮಷೀನಿಗೆ ಎಳೆದುಕೊಳ್ಳಿ.

ಸಂಜೆಯೊಳಗೆ ಗಾಡಿ ಬೇಕೆಂದು ಗಿರಾಕಿ ಅವಸರ ಮಾಡಿದರೂ ಹೊಸ ಗ್ಯಾಸ್ ತುಂಬುವ ಮುನ್ನ ವ್ಯಾಕ್ಯೂಮ್ ಹಾಕಿ ಅರ್ಧ ಗಂಟೆ ಬಿಡಿ. ಬಿಲ್‌ನಲ್ಲಿ ‘ಗ್ಯಾಸ್ ಚಾರ್ಜಿಂಗ್’ ಎಂದು ಒಂದೇ ಸಾಲು ಬರೆಯುವ ಬದಲು ಹೊರತೆಗೆದದ್ದೆಷ್ಟು, ತುಂಬಿದ್ದೆಷ್ಟು ಗ್ರಾಂ, ಸೋರಿಕೆ ಎಲ್ಲಿತ್ತು ಎಂಬುದನ್ನೂ ಬರೆದುಕೊಡಿ. ಆ ಕೆಲಸಕ್ಕೆ ಕೂಲಿ ಹೆಚ್ಚು ಕೇಳಿ, ಕೊಡುತ್ತೇವೆ.

ಇಂತಿ,
ನಿಮ್ಮೊಬ್ಬ ಗಿರಾಕಿ